ಎರಡನೆಯ ಜಗ್

ಜಿಗಣಿಯಲ್ಲಿ ತಗಡು ಒತ್ತುವ ಒಂದು ಪ್ರೆಸ್ ಶಾಪ್‌ನಲ್ಲಿ, ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆಗೆ, ಬಸಲಿಂಗನ ಬಲಗೈಯ ನಾಲ್ಕು ಬೆರಳು ತುಂಡಾದವು. ಅವನು ಕುಡಿದು ಬಂದು ಯಂತ್ರಕ್ಕೆ ಕೈ ಕೊಟ್ಟ ಎಂದು ಕಂಪನಿ ತನ್ನ ಪುಸ್ತಕದಲ್ಲಿ ಬರೆದುಕೊಂಡಿತು.

ಅದಾಗಿ ಹದಿನಾಲ್ಕು ದಿನಕ್ಕೆ, ಇನ್ನೊಂದು ಭಾನುವಾರ ಬೆಳಗಿನ ಹನ್ನೊಂದರ ಹೊತ್ತಿಗೆ, ಆ ಕಂಪನಿಯ ಮಾಲೀಕ ಭಾನುಪ್ರಕಾಶನ ಅಡುಗೆಮನೆಯಲ್ಲಿ ಮಹಾನಂದಾ ತೆಂಗಿನಹಾಲಿನ ಮೇಲೆ ಕಟ್ಟಿದ ಕೆನೆಯನ್ನು ಚಮಚದಿಂದ ಎತ್ತುತ್ತಿದ್ದಳು. ಮಧ್ಯಾಹ್ನದ ಊಟಕ್ಕೆ ಒಬ್ಬರು ಬರುವವರಿದ್ದರು. ಅವರಿಗೆ ಬಿಳಿ ಶರಬತ್ತು ಆಗಬೇಕಿತ್ತು.

ಬಿಳಿ ಶರಬತ್ತು ಎಂಬುದು ಮಹಾನಂದಾ ಇಟ್ಟುಕೊಂಡ ಹೆಸರು. ಮನೆಯವರು ಅದಕ್ಕೆ ಪೀನಾ ಕೊಲಾಡಾ ಅನ್ನುತ್ತಿದ್ದರು. ಭಾನುಪ್ರಕಾಶನ ಹೆಂಡತಿ ಲಾವಣ್ಯ ಗೋವಾದಲ್ಲಿ ಒಮ್ಮೆ ಕುಡಿದು ಬಂದು, ಫೋನಿನಲ್ಲಿ ಹತ್ತಾರು ವಿಡಿಯೊ ನೋಡಿ ತಾನು ಕಲಿತು ಇವಳಿಗೂ ಕಲಿಸಿದ್ದಳು. ಈಗ ಕಲಿಸಿದವಳಿಗಿಂತ ಕಲಿತವಳ ಕೈಯೇ ಚೆನ್ನಾಗಿ ಪಳಗಿತ್ತು. ಕಾಯಿಯನ್ನು ಒಂದೇ ಸಲ ಹಿಂಡಬೇಕು. ಸಾರಿಗಾದರೆ ಎರಡನೆಯ ಹಾಲು, ಮೂರನೆಯ ಹಾಲೂ ನಡೆದೀತು. ಇದಕ್ಕೆ ಮೊದಲ ಹಾಲೇ ಬೇಕು. ಅದನ್ನು ಬೆಳಗ್ಗೆಯೇ ಫ್ರಿಜ್‌ನಲ್ಲಿಟ್ಟು ಮುಟ್ಟದೆ ಬಿಟ್ಟರೆ ಮೇಲೆ ಬೆಣ್ಣೆಯಂಥ ಕೆನೆ ನಿಲ್ಲುತ್ತದೆ. ಆ ಕೆನೆ, ಒಂದಿಷ್ಟು ಸಕ್ಕರೆಪಾಕ, ಹಿಂದಿನ ದಿನವೇ ಫ್ರೀಜರಿಗೆ ಹಾಕಿ ಕಲ್ಲಾಗಿಸಿದ ಅನಾನಸ್ ಹೋಳು, ಅರ್ಧ ನಿಂಬೆ, ಒಂದು ಹಿಡಿ ಐಸು. ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಬೇಕು. ಒಂದೇ ಉಸಿರಿಗೆ ತಿರುಗಿಸಿದರೆ ಕೆನೆ ಒಡೆದು ಎಣ್ಣೆ ತೇಲುತ್ತದೆ. ಆಮೇಲೆ ರಮ್. ಕೆಂಪು ರಮ್ ಅಲ್ಲ, ನೀರಿನಂತಿರುವ ಬಿಳಿ ರಮ್.

ಆ ರಮ್ ಹಾಕುವ ಕೆಲಸ ಮಾತ್ರ ಮೂರು ವರ್ಷದಲ್ಲಿ ಒಂದು ದಿನವೂ ಮಹಾನಂದಾಳ ಪಾಲಿಗೆ ಬಂದಿರಲಿಲ್ಲ. ಬಾಟಲಿ ಮುಂದಿನ ಹಾಲ್‌ನ ಬಾರ್ ಕೌಂಟರಿನೊಳಗೆ ಬೀಗದಲ್ಲಿರುತ್ತಿತ್ತು. ಇವಳು ಒಂದೇ ನಮೂನೆಯ ಎರಡು ಜಗ್ ಮಾಡಬೇಕು. ಒಂದನ್ನು ಹಾಲ್‌ಗೆ ಒಯ್ದು ಕೊಟ್ಟರೆ ಭಾನುಪ್ರಕಾಶ ತಾನೇ ಅಳತೆ ಹಿಡಿದು ರಮ್ ಸುರಿದುಕೊಳ್ಳುತ್ತಿದ್ದ. ಇನ್ನೊಂದು ಮಕ್ಕಳಿಗೆಂದು ಫ್ರಿಜ್‌ನಲ್ಲಿ ಉಳಿಯುತ್ತಿತ್ತು. ಕೆಲಸದವರ ಕೈಗೆ ಬಾಟಲಿ ಕೊಡಬಾರದು ಎಂಬುದು ಆ ಮನೆಯ ಕಟ್ಟಳೆ.

ಇವತ್ತು ಬಾಟಲಿ ಅಡುಗೆಕಟ್ಟೆಯ ಮೇಲೆ, ಉಪ್ಪಿನ ಡಬ್ಬಿಯ ಪಕ್ಕ ನಿಂತಿತ್ತು. ಭಾನುಪ್ರಕಾಶ ತಾನೇ ತಂದಿಟ್ಟು ಹೋಗಿದ್ದ. "ಇವತ್ತು ನೀನೇ ಹಾಕ್ಬಿಡಮ್ಮ. ನಿನ್ ಕೈ ಅಳತೆ ನಂಗೊತ್ತಿಲ್ವಾ?" ಎಂದು ನಕ್ಕಿದ್ದ. ಬೈಯುವ ಮಾಲೀಕನನ್ನು ಮಹಾನಂದಾ ಬಲ್ಲಳು. ನಂಬುವ ಮಾಲೀಕ ಹೊಸಬ.

ಲಾವಣ್ಯ ಬಂದು ಬಾಗಿಲಿಗೆ ಒರಗಿ ನಿಂತಳು. ಕೈಯಲ್ಲಿ ಫೋನು, ಕಣ್ಣು ಫೋನಿನಲ್ಲಿರಲಿಲ್ಲ.

"ಕೈ ಹೇಗಿದೆಯಂತೆ ಅವನ್ದು?"

"ಯಾರದ್ರಿ ಅಕ್ಕಾರ?"

"ಅದೇ... ಬಸಲಿಂಗಂದು."

"ಹೆಬ್ಬೆರಳು ಐತ್ರಿ," ಅಂದಳು ಮಹಾನಂದಾ.

ಲಾವಣ್ಯ ಫ್ರಿಜ್ ತೆಗೆದಳು, ಏನನ್ನೂ ತೆಗೆದುಕೊಳ್ಳದೆ ಮುಚ್ಚಿದಳು. "ಹನುಮಂತಯ್ಯ ಅಂತ ಬರ್ತಾರೆ. ರಿಟೈರ್ಡ್ ಆಫೀಸರ್. ಫ್ಯಾಕ್ಟರಿಯವರ ಪೇಪರ್ಸ್ ಎಲ್ಲಾ ಅವರೇ ನೋಡ್ಕೊಳ್ಳೋದು. ನಿನ್ನ ಏನೋ ಎರಡು ಮಾತು ಕೇಳ್ತಾರೆ. ಹೂಂ ಅನ್ನು, ಆಯ್ತಾ? ಸುಮ್ನೆ ಹೂಂ ಅಂದ್ಬಿಡು. ನಮ್ಗೂ ಇದೆಲ್ಲ ಸಾಕಾಗಿದೆ ಕಣೆ."

ಮಹಾನಂದಾ ಮಿಕ್ಸಿ ಒತ್ತಿದಳು. ಬಿಟ್ಟಳು. ಮತ್ತೆ ಒತ್ತಿದಳು. ಉತ್ತರ ಕೊಡದೆ ಇರಲು ಅಡುಗೆಮನೆಯಲ್ಲಿ ಅದಕ್ಕಿಂತ ಒಳ್ಳೆಯ ಉಪಾಯ ಇರಲಿಲ್ಲ.

ಬಸಲಿಂಗನನ್ನು ಈ ಮನೆಯವರಿಗೆ ಪರಿಚಯಿಸಿದ್ದು ಅವಳೇ. ಇಬ್ಬರದೂ ಸುರಪುರದ ಕಡೆ. ಜಿಗಣಿಯಲ್ಲಿ ಶೀಟು ಹೊದಿಸಿದ ಸಾಲುಮನೆಗಳಲ್ಲಿ ಅಕ್ಕಪಕ್ಕದ ರೂಮು. "ನಮ್ಮ ಕಡೀ ಹುಡುಗ್ರಿ ಸಾವ್ಕಾರ್ರ. ಬೀಡಿ ಸೈತ ಮುಟ್ಟಂಗಿಲ್ರಿ," ಎಂದು ಹೇಳಿ ಕೆಲಸಕ್ಕೆ ಸೇರಿಸಿದ್ದಳು. ಅದು ಬರೀ ಹೊಗಳಿಕೆಯಾಗಿರಲಿಲ್ಲ. ಬಸಲಿಂಗನ ಹೆಂಡತಿ ಮಹಾದೇವಿಯ ಅಪ್ಪ ಕುಡಿದು ಕುಡಿದು ಸತ್ತವನು. ಸಾಯುವ ಮೊದಲು ಮನೆಯ ಬಾಗಿಲನ್ನೂ ಕಿತ್ತು ಮಾರಿದವನು. ಮದುವೆಯ ಮುಂಚೆಯೇ ಅವಳು ಬಸಲಿಂಗನಿಂದ ದೇವರ ಭಂಡಾರ ಮುಟ್ಟಿಸಿ ಆಣೆ ತೆಗೆದುಕೊಂಡಿದ್ದಳು. ಒಂದು ಹನಿ ಬಾಯಿಗೆ ಹೋದರೂ ನಾನು ನಿನಗೆ ಹೆಂಡತಿಯಲ್ಲ ಎಂದು.

ಆಸ್ಪತ್ರೆಯ ಚೀಟಿಯಲ್ಲಿ ಡಾಕ್ಟರು ಬರೆದ ಒಂದು ಸಾಲನ್ನು ಮಹಾದೇವಿ ಯಾರಿಂದಲೋ ಓದಿಸಿಕೊಂಡಳು. ಬಾಯಲ್ಲಿ ಮದ್ಯದ ವಾಸನೆ ಇತ್ತು ಎಂಬ ಸಾಲು. ಆವತ್ತಿನಿಂದ ಅವಳು ಗಂಡನ ಜೊತೆ ಮಾತು ಬಿಟ್ಟಳು. ಜೋಳದ ರೊಟ್ಟಿ ಮುರಿದು, ಪಲ್ಯ ಹಚ್ಚಿ, ತುತ್ತು ಮಾಡಿ ಅವನ ಬಾಯಿಗಿಡುತ್ತಾಳೆ. ಬ್ಯಾಂಡೇಜು ಒದ್ದೆಯಾಗದಂತೆ ಪ್ಲಾಸ್ಟಿಕ್ ಚೀಲ ಕಟ್ಟಿ ಸ್ನಾನ ಮಾಡಿಸುತ್ತಾಳೆ. ಮಾತಾಡುವುದಿಲ್ಲ. ಮುಂದಿನ ವಾರ ಊರಿನಿಂದ ಅವಳ ಅಣ್ಣ ಬಂದು ಕರೆದುಕೊಂಡು ಹೋಗುತ್ತಾನೆ ಎಂದು ಸಾಲುಮನೆಯವರೆಲ್ಲ ಆಡಿಕೊಳ್ಳುತ್ತಿದ್ದರು.

"ಅಕ್ಕಾ, ನೀನಾರ ಹೇಳ," ಎಂದು ಬಸಲಿಂಗ ಮೊನ್ನೆ ಕೇಳಿದ್ದ. ಸಿಮೆಂಟಿನ ಕಟ್ಟೆಯ ಮೇಲೆ ಕೂತು, ಬಿಳಿ ಗಂಟಾಗಿದ್ದ ಕೈಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು. "ಆವತ್ತ ನಾ ಏನು ಕುಡದೆ? ನೀ ಕೊಟ್ಟ ಅನಾನಸ್ ಶರಬತ್ತ ಬಿಟ್ರ ನೀರೂ ಕುಡ್ದಿಲ್ಲ. ಡಾಕ್ಟರ್ ಮೂಗಿಗೆ ಏನು ಬಡೀತವ್ವ? ನನಗ ನನ್ನ ಮ್ಯಾಲೇ ಅನುಮಾನ ಬರಾಕ ಹತ್ತೈತಿ. ತಲಿ ಒಂದೀಟು ತಿರಗಿದಂಗ ಆಗಿದ್ದು ಖರೆ. ಬಿಸಲಿಗಿ ಅನಕೊಂಡೆ."

ಮಹಾನಂದಾ "ಬಿಸಲ ಭಾಳ ಇತ್ತಪಾ" ಅಂದಳು. ಅಷ್ಟೇ ಅಂದಳು. ಆ ಮೂರು ಶಬ್ದ ಅಂದಿನಿಂದ ಅವಳನ್ನು ಬಿಟ್ಟಿರಲಿಲ್ಲ.

ಯಾಕೆಂದರೆ ಅವಳಿಗೆ ಗೊತ್ತಿತ್ತು.

ಆ ಭಾನುವಾರ ಮನೆಯಲ್ಲಿ ಮಗಳು ಸ್ಫೂರ್ತಿಯ ಹುಟ್ಟುಹಬ್ಬ. ತೆಂಗಿನಕಾಯಿ ಸುಲಿದು ಒಡೆಯಲು, ಐಸಿನ ಗಡ್ಡೆ ಹೊತ್ತು ತಂದು ಕುಟ್ಟಲು ಬಸಲಿಂಗನನ್ನು ಫ್ಯಾಕ್ಟರಿಯಿಂದ ಕರೆಸಿದ್ದರು. ಹಿತ್ತಲಲ್ಲಿ ಹದಿನೆಂಟು ಕಾಯಿ ಸುಲಿದು, ಐಸು ಕುಟ್ಟಿ, ಬೆವರಲ್ಲಿ ತೊಯ್ದು ಬಂದು ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತು "ಅಕ್ಕಾ, ಕುಡಿಯಾಕ ಕೊಡು" ಅಂದ. ಹಾಲ್‌ಗೆ ಹೋಗಿದ್ದ ಜಗ್ ಅಲ್ಲೇ ಇತ್ತು. ಫ್ರಿಜ್‌ನಲ್ಲಿ ಮಕ್ಕಳ ಜಗ್. ಅದರಿಂದ ಒಂದು ಚೊಂಬು ತುಂಬ ಬಗ್ಗಿಸಿ ಕೊಟ್ಟಳು. ಅವನು ಚೊಂಬನ್ನು ಮುಖದ ಮೇಲಕ್ಕೆ ಎತ್ತಿ, ತುಟಿಗೆ ತಾಗಿಸದೆ, ಗಟಗಟನೆ ಗಂಟಲಿಗೆ ಇಳಿಸಿದ. ಇನ್ನರ್ಧ ಕೇಳಿ ಅದನ್ನೂ ಇಳಿಸಿದ. ಎರಡೂವರೆಯ ಟೆಂಪೋ ಹತ್ತಿ ಮೂರರ ಪಾಳಿಗೆ ಹೋದ. ಅರ್ಜೆಂಟ್ ಆರ್ಡರು, ಪ್ರೆಸ್ಸಿನವನೊಬ್ಬ ಬಂದಿಲ್ಲ ಎಂದು ಭಾನುಪ್ರಕಾಶನೇ ಕಳಿಸಿದ್ದ.

ಟೆಂಪೋ ಗೇಟು ದಾಟಿ ಐದು ನಿಮಿಷ ಆಗಿರಲಿಲ್ಲ, ಮಕ್ಕಳಿಗೆಂದು ಜಗ್ ಎತ್ತಿಕೊಂಡವಳನ್ನು ಲಾವಣ್ಯ ಕೂಗಿ ನಿಲ್ಲಿಸಿದಳು. "ಏಯ್, ಅದನ್ನ ಮಕ್ಕಳಿಗೆ ಕೊಡ್ಬೇಡ! ಇವ್ರು ಅದಕ್ಕೂ ರಮ್ ಹಾಕ್ಬಿಟ್ಟಿದಾರೆ!" ಮೊದಲ ಜಗ್ ಖಾಲಿಯಾಗಿತ್ತು. ಬಸಲಿಂಗ ಕುಡಿಯುವ ಮೊದಲೇ, ಮಹಾನಂದಾ ಹಿತ್ತಲಲ್ಲಿ ಕಾಯಿಸಿಪ್ಪೆ ಬಳಿಯುವಾಗ, ಭಾನುಪ್ರಕಾಶ ಬಂದು ಫ್ರಿಜ್ ತೆಗೆದು ಎರಡನೆಯದಕ್ಕೂ ಸುರಿದು ಹೋಗಿದ್ದ. ಹಾಲ್‌ನಿಂದ ಅವನ ನಗು ಕೇಳಿಸಿತು. ಗೆಳೆಯರಿಗೆ ಹೇಳುತ್ತಿದ್ದ: "ಲೋ, ನಮ್ ಬಸಲಿಂಗ ಒಂದೂವರೆ ಚೊಂಬು ಇಳಿಸ್ಬಿಟ್ಟ ಕಣ್ರೋ, ಕಿಟಕೀಲಿ ನೋಡ್ದೆ. ಜ್ಯೂಸ್ ಅನ್ಕೊಂಡವ್ನೆ ಪಾಪ! ಇವತ್ತು ಪ್ರೊಡಕ್ಷನ್ ಡಬಲ್ ಬಿಡಿ ಗುರು."

ಫೋನು ಮಾಡಬಹುದಿತ್ತು. ಮಹಾನಂದಾಳ ಫೋನು ಸೊಂಟದಲ್ಲೇ ಇತ್ತು. ಮೆಷಿನ್ ಮುಟ್ಟಬೇಡಪ್ಪಾ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಹೇಳಿದರೆ ಆಣೆ ಮುರಿದದ್ದು ಅವನಿಗೆ ಗೊತ್ತಾಗುತ್ತದೆ, ಗೊತ್ತಾಗದಿದ್ದರೆ ದೋಷವಿಲ್ಲ ಎಂದುಕೊಂಡಳು. ಒಂದೂವರೆ ಚೊಂಬು ಏನು ಮಾಡೀತು ಎಂದುಕೊಂಡಳು. ಹಾಲ್‌ನಿಂದ ಬಂದ ಎಂಜಲು ತಟ್ಟೆಗಳನ್ನು ತೊಳೆಯಲು ನಿಂತಳು. ನಾಲ್ಕೂಕಾಲಿಗೆ ಫ್ಯಾಕ್ಟರಿಯಿಂದ ಫೋನು ಬಂತು.

ಈ ಹದಿನಾಲ್ಕು ದಿನವೂ ಅವಳು ದಿನಕ್ಕೊಮ್ಮೆ ಆ ಫೋನು ಮಾಡುತ್ತಿದ್ದಾಳೆ, ಮನಸ್ಸಿನಲ್ಲಿ. ಪ್ರತಿ ಸಲವೂ ಬಸಲಿಂಗ ಎತ್ತುತ್ತಾನೆ.

ಹನುಮಂತಯ್ಯ ಬಂದದ್ದು ಹನ್ನೆರಡೂವರೆಗೆ. ಗುಂಡಗಿನ ಹೊಟ್ಟೆ, ಎಣ್ಣೆ ಹಚ್ಚಿ ಬಾಚಿದ ಕೂದಲು, ಕಂಕುಳಲ್ಲಿ ರೆಗ್ಜಿನ್ ಫೈಲು. ಕಾರ್ಮಿಕ ಇಲಾಖೆಯಲ್ಲಿ ಮೂವತ್ತು ವರ್ಷ ಕಾರ್ಮಿಕರ ಅರ್ಜಿಗಳನ್ನು ಕಂಡವರು, ಈಗ ಆ ಅರ್ಜಿಗಳಿಗೆ ಉತ್ತರ ಬರೆದುಕೊಡುವ ಕಸುಬಿನಲ್ಲಿದ್ದರು. ಎರಡು ಕಡೆಯ ಬಾಗಿಲೂ ಗೊತ್ತಿದ್ದ ಮನುಷ್ಯ. ಸೋಫಾದಲ್ಲಿ ಕೂತು ಕಾಲು ಚಾಚಿದರು.

"ಏನಪ್ಪಾ ಭಾನು, ಅದೇನೋ ಕಾಕ್ಟೇಲು ಅಂತೆ? ನಮ್ ಕಾಲದಲ್ಲಿ ಓಲ್ಡು, ಸೋಡಾ, ಮೊಟ್ಟೆ ಬೋಂಡ. ಅಷ್ಟೇ ವೇದಾಂತ."

"ಇದು ಬೇರೆ ಲೆವೆಲ್ ಸಾರ್. ಮಹಾನಂದಾ, ತಗೊಂಡ್ಬಾಮ್ಮ!"

ಅಡುಗೆಕಟ್ಟೆಯ ಮುಂದೆ ಮಹಾನಂದಾ ಮೊದಲ ಸಲ ಆ ಬಾಟಲಿಯ ಮುಚ್ಚಳ ತಿರುಗಿಸಿದಳು. ಮೂಗಿನ ಹತ್ತಿರ ಹಿಡಿದಳು. ಸುಟ್ಟ ಸಕ್ಕರೆಯ ತೆಳ್ಳನೆಯ ವಾಸನೆ. ಅಳತೆಯ ಬಟ್ಟಲಲ್ಲಿ ಮೂರು ಸಲ ಅಳೆದು ಜಗ್ಗಿಗೆ ಸುರಿದಳು. ಮೇಲಿನ ಬಿಳಿ ನೊರೆ ಹಾಗೇ ಇತ್ತು, ಬಣ್ಣ ಬದಲಾಗಲಿಲ್ಲ. ಮತ್ತೆ ಮೂಗಿಗೆ ಹಿಡಿದಳು. ಅನಾನಸ್ಸು, ತೆಂಗು, ಅದು ಬಿಟ್ಟರೆ ಏನೂ ಇಲ್ಲ. ಒಂದು ಹನಿ ಕಟ್ಟೆಯ ಮೇಲೆ ಬಿತ್ತು. ಒರೆಸಿದಳು.

ಉದ್ದನೆಯ ಗಾಜಿನ ಲೋಟದ ಅಂಚಿಗೆ ಅನಾನಸ್ಸಿನ ಹೋಳು ಸಿಕ್ಕಿಸಿ ತಂದುಕೊಟ್ಟಳು. ಹನುಮಂತಯ್ಯ ಒಂದು ಗುಟುಕು ಕುಡಿದು, ಇನ್ನೊಂದು ಕುಡಿದು, ನಾಲಿಗೆ ಚಪ್ಪರಿಸಿ, ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು.

"ಇದ್ರಲ್ಲಿ ರಮ್ ಹಾಕಿದಾರೇನಪ್ಪಾ? ಪಾಯಸ ಕುಡಿದಂಗಿದೆಯಲ್ಲೋ!"

"ಅದೇ ಸಾರ್ ಇದರ ಮಜಾ!" ಭಾನುಪ್ರಕಾಶ ತೊಡೆ ತಟ್ಟಿಕೊಂಡ. "ಕುಡಿಯೋವಾಗ ಗೊತ್ತೇ ಆಗಲ್ಲ. ಎದ್ದು ನಿಂತಾಗ ಗೊತ್ತಾಗೋದು!"

ಇಬ್ಬರೂ ನಕ್ಕರು. ಊಟದ ಮೇಜಿನ ಕುರ್ಚಿಯಲ್ಲಿದ್ದ ಲಾವಣ್ಯ ನಗಲಿಲ್ಲ. ಮಹಾನಂದಾ ಟ್ರೇ ಹಿಡಿದು ನಿಂತಿದ್ದಳು. ಯಾರೂ ಹೋಗು ಅನ್ನಲಿಲ್ಲ, ಕೂರು ಅನ್ನಲಿಲ್ಲ.

ಹನುಮಂತಯ್ಯ ಲೋಟವನ್ನು ಎಡಗೈಗೆ ಬದಲಾಯಿಸಿ ಫೈಲು ಬಿಚ್ಚಿದರು. "ನೋಡಮ್ಮ, ಮಂಗಳವಾರ ಲೇಬರ್ ಆಫೀಸರ್ ಬರ್ತಾರೆ, ಪರಿಹಾರದ ಕೇಸಿಗೆ ಹೇಳಿಕೆ ತಗೊಳ್ಳೋಕೆ. ಆ ಹುಡುಗ, 'ಮಾಲೀಕರ ಮನೇಲಿ ಕೊಟ್ಟಿದ್ದೇ ಕುಡಿದೆ, ಬೇರೆ ಏನೂ ಕುಡಿದಿಲ್ಲ' ಅಂತ ಹೇಳ್ತಾವನೆ. ಅಡುಗೆಮನೆ ನಿಂದು. ಅದಕ್ಕೆ ನಿನ್ನ ಮಾತು ಬೇಕು. ನಾನು ಆಗ್ಲೇ ಬರ್ಕೊಂಡು ಬಂದಿದೀನಿ. ಓದ್ತೀನಿ, ಒಂದೊಂದು ವಾಕ್ಯಕ್ಕೂ ಹೂಂ ಅನ್ನು. ಕಡೇಲಿ ಒಂದು ಸಹಿ. ಕಥೆ ಕೇಳೋವಾಗ ಹೂಂಗುಟ್ಟಲ್ವಾ, ಹಂಗೆ."

ಕನ್ನಡಕ ಏರಿಸಿ ಓದತೊಡಗಿದರು.

"'ನನ್ನ ಹೆಸರು ಮಹಾನಂದಾ, ಗಂಡನ ಹೆಸರು ಯಮನೂರ, ವಯಸ್ಸು ಮೂವತ್ತೆಂಟು.'"

"ಹೂಂ ರಿ."

"'ನಾನು ಸದರಿ ಮನೆಯಲ್ಲಿ ಮೂರು ವರ್ಷದಿಂದ ಅಡುಗೆ ಕೆಲಸ ಮಾಡಿಕೊಂಡಿರುತ್ತೇನೆ.'"

"ಹೂಂ ರಿ."

"'ಸದರಿ ದಿನ ಮಗಳ ಹುಟ್ಟುಹಬ್ಬದ ನಿಮಿತ್ತ ಅನಾನಸ್ ಜ್ಯೂಸ್ ಮಾತ್ರ ತಯಾರಿಸಿದ್ದು, ಸದರಿ ಮನೆಯಲ್ಲಿ ಯಾವುದೇ ಮದ್ಯಪಾನೀಯ ಇದ್ದಿರುವುದಿಲ್ಲ.'"

ಅವರ ಎಡಗೈಯ ಲೋಟದಲ್ಲಿ ಐಸು ಕಟಕ್ಕೆಂದು ಮುರಿಯಿತು. ಹನುಮಂತಯ್ಯ ಕಾಗದದಿಂದ ಕಣ್ಣೆತ್ತಿದರು. ಕಾದರು.

"ಹೂಂ ಅನ್ನಮ್ಮ."

ಮಹಾನಂದಾ ಆ ಲೋಟವನ್ನೇ ನೋಡುತ್ತಿದ್ದಳು.

"ಸರಿ, ಮುಂದಿಂದು ಕೇಳು. 'ಬಸಲಿಂಗ ಎಂಬಾತ ತಾನೇ ಹೊರಗಿನಿಂದ ಕುಡಿದು ಬಂದಂತೆ ನನಗೆ ಕಂಡುಬಂದಿರುತ್ತದೆ. ಮದ್ಯ ಬೆರೆತ ಪಾನೀಯವನ್ನು ಜ್ಯೂಸ್ ಎಂದು ತಿಳಿದು ಕುಡಿಯುವುದು ಯಾರಿಗೂ ಸಾಧ್ಯವಿರುವುದಿಲ್ಲ. ಮೊದಲ ಗುಟುಕಿಗೇ ತಿಳಿಯುತ್ತದೆ.' ಇದಕ್ಕೆ ಹೂಂ ಅನ್ನು."

"ನಿಮಗ ತಿಳೀಲಿಲ್ಲಲ್ರಿ," ಅಂದಳು ಮಹಾನಂದಾ.

ಮಾತು ಆಡಿಹೋದ ಮೇಲೆ ಅವಳಿಗೇ ಅದರ ಸದ್ದು ಕೇಳಿಸಿದ್ದು.

"ಏನಂದೆ?"

"ಎಲ್ಡು ಗುಟುಕ ಕುಡದ್ರಿ. ರಮ್ ಹಾಕ್ಯಾರೇನ ಅಂತ ಕೇಳಿದ್ರಿ. ನೀವು ಕುಡಿದ ರೂಢಿ ಇದ್ದವ್ರು. ಗಿಲಾಸಿಗೆ ಬಾಯಿ ಹಚ್ಚಿ, ನಾಲಿಗಿ ಮ್ಯಾಲ ಇಟಗೊಂಡು ಕುಡದ್ರಿ. ನಿಮಗ ತಿಳೀಲಿಲ್ಲ. ಅಂವ ಜನ್ಮದಾಗ ಕುಡದವ ಅಲ್ಲ. ಎತ್ತಿ ಕುಡದಾನ್ರಿ. ಎತ್ತಿ ಕುಡದ್ರ ನಾಲಿಗೀಗೆ ಏನು ಹತ್ತತೈತ್ರಿ? ಸೀದಾ ಗಂಟಲದಾಗ ಇಳೀತೈತಿ."

"ಯಾಕೆ ಎತ್ತಿ ಕುಡಿಬೇಕಿತ್ತು ಅವ್ನು? ನಿಧಾನಕ್ಕೆ ಕುಡಿಯೋಕೆ ಏನಾಗಿತ್ತು?" ಅಂದ ಭಾನುಪ್ರಕಾಶ.

ಮಹಾನಂದಾ ಲಾವಣ್ಯಳ ಕಡೆ ನೋಡಿದಳು. ಕೆಲಸಕ್ಕೆ ಬಂದ ಮೊದಲ ದಿನವೇ ಲಾವಣ್ಯ ಮೆತ್ತಗಿನ ದನಿಯಲ್ಲಿ ಹೇಳಿದ್ದಳು: ಗಾಜಿನ ಲೋಟ ನಮಗೆ, ಕೆಲಸಕ್ಕೆ ಬರುವವರಿಗೆಲ್ಲ ಈ ಸ್ಟೀಲ್ ಚೊಂಬು, ಬಾಯಿ ತಾಗಿಸಬೇಡ, ಎತ್ತಿ ಕುಡಿ, ಹೈಜೀನ್ ಅಷ್ಟೇ, ಬೇರೆ ಏನೂ ಅನ್ಕೋಬೇಡ. ಬಸಲಿಂಗನಿಗೂ ಅದನ್ನೇ ಹೇಳಿದ್ದಳು, ಅದೇ ದನಿಯಲ್ಲಿ. ಅವನು ಆ ಮನೆಯ ಹಿತ್ತಲಿಗೆ ಬಂದಾಗಲೆಲ್ಲ ಆಕಾಶ ನೋಡಿಯೇ ಕುಡಿದ.

"ಅಕ್ಕಾರನ್ನ ಕೇಳ್ರಿ," ಅಂದಳು.

ಲಾವಣ್ಯಳ ಮುಖ ಕೆಂಪಾಯಿತು. "ನಾನು ಹೇಳಿದ್ದು ಒಳ್ಳೇದಕ್ಕೆ... ಕೋವಿಡ್ ಆದ್ಮೇಲೆ ಎಲ್ರ ಮನೇಲೂ ಹಂಗೇ ಅಲ್ವಾ?" ಅಂದು ಫೋನು ಎತ್ತಿಕೊಂಡಳು. ಪರದೆ ಕಪ್ಪಗೇ ಇತ್ತು.

ಭಾನುಪ್ರಕಾಶ ಎದ್ದು ಬಂದು ಮಹಾನಂದಾಳ ಎದುರಿಗೆ ನಿಂತ. ದನಿ ಏರಿಸಲಿಲ್ಲ. "ಮಹಾನಂದಾ, ಒಂದ್ ಮಾತು ಅರ್ಥ ಮಾಡ್ಕೋ. ಜ್ಯೂಸೋ, ರಮ್ಮೋ, ಅವನಿಗೆ ಕೊಟ್ಟಿದ್ದು ಯಾರು? ನಾನಾ? ಲಾವಣ್ಯಾನಾ? ನಿನ್ ಕೈಯಿಂದ ಹೋಗಿದ್ದು ಅದು. ರಮ್ ಇತ್ತು ಅಂತ ನೀನು ಬಾಯಿ ಬಿಟ್ರೆ, ಮೊದ್ಲು ಬರೋದು ನಿನ್ ಹೆಸ್ರೇ. ನಾಲ್ಕು ಬೆರಳು ಹೋಗಿದ್ದು ನಿನ್ನಿಂದ ಅಂತ ಆಗತ್ತೆ. ನಿಮ್ ಸಾಲುಮನೇಲಿ ಮುಖ ಎತ್ತಿಕೊಂಡು ಓಡಾಡ್ತೀಯಾ? ನಿನ್ ಒಳ್ಳೇದಕ್ಕೇ ನಾವು ಇದನ್ನ ಬರೆಸಿರೋದು."

ಇದೇ ಮಾತನ್ನು ಅವಳು ಹದಿನಾಲ್ಕು ದಿನ ತನಗೆ ತಾನೇ ಹೇಳಿಕೊಂಡಿದ್ದಳು. ಇದೇ ಕ್ರಮದಲ್ಲಿ, ಹೆಚ್ಚುಕಡಿಮೆ ಇದೇ ಶಬ್ದಗಳಲ್ಲಿ. ತನ್ನ ಒಳಗಿನ ಹೆದರಿಕೆ ಮಾಲೀಕನ ಬಾಯಿಂದ ಹೊರಬಂದದ್ದನ್ನು ಕೇಳಿದ ಕೂಡಲೇ ಅದು ತನ್ನದಲ್ಲ, ಅವನದು ಎಂದು ಅನ್ನಿಸಿತು. ಇಷ್ಟು ದಿನ ಹೊತ್ತದ್ದು ಇವನ ಗಂಟು.

"ಕೊಟ್ಟಾಕಿ ನಾನ ರಿ," ಅಂದಳು. "ಅಲ್ಲ ಅನ್ನಂಗಿಲ್ಲ. ಆದ್ರ ಹಾಕಿದವ್ರು ನೀವು. ಅಂವ ಕುಡಿಯೂದು ಕಿಟಕ್ಯಾಗ ನೋಡಿ ನಕ್ಕವ್ರು ನೀವು. ನೋಡಿಂದ ಮೆಷೀನಿಗಿ ಕಳಿಸಿ ಸುಮ್ಮ ಕುಂತವ್ರು ನೀವು. ನನಗ ತಿಳಿದಾಗ ಟೆಂಪೋ ಹೋಗಿತ್ತು. ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ಅದು ನನ್ನ ತಪ್ಪು. ನಿಮಗೂ ಫೋನ್ ಇತ್ತಲ್ರಿ."

"ಏನ್ ಮಾತಾಡ್ತಿದಾಳೆ ಇವ್ಳು!"

"ಮೆಷೀನಿಂದೂ ಕೇಳ್ಯಾನಿ ನಾ. ಎಲ್ಡೂ ಕೈಲೆ ಎಲ್ಡು ಬಟನ್ ಒತ್ತಿದ್ರ ಅಷ್ಟ ಇಳೀಬೇಕಂತ ಅದು. ಒಂದು ಬಟನ್‌ಗೆ ಟೇಪ್ ಸುತ್ತಿಸಿ ಆರು ತಿಂಗಳಾತಂತ, ಮಾಲು ಲಗೂ ಬೀಳಲಿ ಅಂತ. ಕುಡೀದವ್ನ ಕೈನೂ ಹೋಗ್ತಿತ್ತಂತ ಅದರಾಗ."

ಹನುಮಂತಯ್ಯ ಲೋಟವನ್ನು ಮೇಜಿನ ಮೇಲಿಟ್ಟರು. ಅವರು ಕೋಪಗೊಂಡಿರಲಿಲ್ಲ. ಇಂಥ ಮನೆಗಳಲ್ಲಿ, ಇಂಥ ಹೆಂಗಸರ ಎದುರು ಬಹಳ ಸಲ ಕೂತವರು. ಪೆನ್ನಿನ ಕ್ಯಾಪು ತೆಗೆದು ಇನ್ನೊಂದು ಖಾಲಿ ಹಾಳೆ ಎಳೆದುಕೊಂಡರು.

"ಸರಿ ಕಣಮ್ಮ. ಸತ್ಯವಂತೆ ನೀನು. ಹಂಗಿದ್ರೆ ಇನ್ನೊಂದು ಬರೀತೀನಿ. ಮನೇಲಿ ರಮ್ ಇತ್ತು, ಬೀಗದಲ್ಲಿತ್ತು. ಕೆಲಸದವಳು ಮಾಲೀಕರಿಗೆ ಗೊತ್ತಾಗದಂಗೆ ಬಾಟಲಿ ತೆಗೆದು ತನ್ನ ಊರಿನವನಿಗೆ ಕುಡಿಸಿದಳು. ಇದಕ್ಕೆ ನಿನ್ನ ಸಹಿ ಬೇಕಾಗಿಲ್ಲ, ಇವರಿಬ್ಬರದು ಸಾಕು. ಬಾಟಲಿ ಮೇಲೆ ನಿನ್ನ ಬೆರಳಿನ ಗುರುತೂ ಇರುತ್ತೆ, ಅಲ್ವಾ ಭಾನು?"

ಭಾನುಪ್ರಕಾಶ ಅಡುಗೆಮನೆಯ ಕಡೆ ನೋಡಿದ. ಮಹಾನಂದಾಳೂ ನೋಡಿದಳು. ತೆರೆದ ಬಾಗಿಲಿನಾಚೆ, ಕಟ್ಟೆಯ ಮೇಲೆ, ಬಾಟಲಿ ತನ್ನ ಪಾಡಿಗೆ ತಾನು ನಿಂತಿತ್ತು. ಇವತ್ತು ನೀನೇ ಹಾಕ್ಬಿಡಮ್ಮ ಅಂದದ್ದು ಯಾಕೆಂದು ಈಗ ತಿಳಿಯಿತು. ಟ್ರೇಯನ್ನು ಎದೆಗವಚಿಕೊಂಡಳು.

"ಎರಡು ಕಾಗದ," ಅಂದರು ಹನುಮಂತಯ್ಯ, ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಜೋಡಿಸಿ. "ಒಂದರಲ್ಲಿ ನೀನು ಸಾಕ್ಷಿ. ಇನ್ನೊಂದರಲ್ಲಿ ಕಳ್ಳಿ. ಯಾವ್ದು ಬೇಕೋ ನೀನೇ ಆರಿಸ್ಕೋ. ನಿನ್ನ ಮೇಲೆ ಬಲವಂತ ಇಲ್ಲ."

"ಹನುಮಂತಯ್ಯೋರೇ..." ಎಂದಳು ಲಾವಣ್ಯ, ಕುರ್ಚಿಯಿಂದ ಅರ್ಧ ಎದ್ದು. "ಇಷ್ಟೆಲ್ಲ ಬೇಕಾ? ಅವಳು ಯಾವತ್ತೂ ಒಂದು ಚಮಚ ಸಕ್ಕರೆ ಕೂಡ..."

"ಲಾವಣ್ಯ," ಅಂದ ಭಾನುಪ್ರಕಾಶ. ಅಷ್ಟೇ ಅಂದ. ಲಾವಣ್ಯ ಕೂತಳು.

ಮಹಾನಂದಾ ಮೇಜಿನ ಹತ್ತಿರ ಬಂದಳು. ಸಹಿ ಹಾಕುತ್ತಾಳೆಂದು ಹನುಮಂತಯ್ಯ ಪೆನ್ನು ಮುಂದೆ ಹಿಡಿದರು. ಅವಳು ಟ್ರೇಯನ್ನು ಎರಡು ಕಾಗದದ ಮೇಲೂ ಬರುವಂತೆ ಇಟ್ಟಳು.

"ಮೂರನೇದು ಬರೀರಿ," ಅಂದಳು. "ನಾ ಹೇಳ್ತೀನಿ. ಎಲ್ಡು ಜಗ್ ನಾ ಮಾಡಿದ್ದೆ. ರಮ್ ಸಾವ್ಕಾರ್ರು ಹಾಕಿದ್ರು. ನನಗ ಹೇಳಿದ್ದಿಲ್ಲ. ನಾ ಕೊಟ್ಟೆ, ಅಂವ ಕುಡದ. ಇಷ್ಟ ಬರೀರಿ. ಅದಕ್ಕ ಸಹಿ ಹಾಕ್ತೀನಿ. ಕಳ್ಳಿ ಅಂತನೂ ಬರ್ಕೋರಿ ಬೇಕಂದ್ರ. ಅಂವ ಕುಡುಕ ಅಂತ ಬರಿಯಾಕ ಕೊಡಂಗಿಲ್ಲ."

"ಅವನಿಗೋಸ್ಕರ ನಿನ್ನ ಬಾಳು ಹಾಳು ಮಾಡ್ಕೋತೀಯಾ? ಏನಾಗ್ಬೇಕು ಅವ್ನು ನಿಂಗೆ?" ಅಂದ ಭಾನುಪ್ರಕಾಶ.

"ಬಾಜೂ ಮನ್ಯಾಂವ ರಿ."

ಭಾನುಪ್ರಕಾಶ ಕಿಟಕಿಯವರೆಗೆ ಹೋಗಿ ಹಿಂತಿರುಗಿದ. ಹಣೆಯ ಮೇಲೆ, ಏಸಿಯ ತಂಪಿನಲ್ಲೂ, ಬೆವರು ಕಂಡಿತು. ಹನುಮಂತಯ್ಯನ ಕಿವಿಯಲ್ಲಿ ಏನೋ ಅಂದ, ಹನುಮಂತಯ್ಯ ತಲೆಯಾಡಿಸಿದರು. ಮತ್ತೆ ಇತ್ತ ತಿರುಗಿದಾಗ ದನಿಯಲ್ಲಿ ಬೆಳಗಿನ ಸಕ್ಕರೆ ವಾಪಸಾಗಿತ್ತು.

"ಆಯ್ತಮ್ಮ, ಆಯ್ತು. ಇವತ್ತು ಸಹಿ ಬೇಡ. ಯೋಚ್ನೆ ಮಾಡು. ಆದ್ರೆ ಮಂಗಳವಾರದವರ್ಗೂ ರೂಮಿಗೆ ಹೋಗ್ಬೇಡ. ಮೇಲೆ ಗೆಸ್ಟ್ ರೂಮ್ ಖಾಲಿ ಇದೆ, ಅಲ್ಲೇ ಮಲ್ಕೋ. ಮಂಚ, ಟಿವಿ, ಎಲ್ಲಾ ಇದೆ. ಯಮನೂರಂಗೆ ನಾನೇ ಫೋನ್ ಮಾಡಿ ಹೇಳ್ತೀನಿ. ಗೇಟಲ್ಲಿ ಸೆಕ್ಯೂರಿಟಿಗೂ ಹೇಳಿದೀನಿ. ಫೋನ್ ಇಲ್ಲಿ ಕೊಡು. ನಡಿ, ಮೇಲಕ್ಕೆ ನಡಿ."

ಮಹಾನಂದಾ ಸೆರಗನ್ನು ಸೊಂಟಕ್ಕೆ ಬಿಗಿದಳು. ಅಡುಗೆಮನೆಗೆ ಹೋಗಲಿಲ್ಲ, ಹಿಂಬಾಗಿಲಿಗೂ ಹೋಗಲಿಲ್ಲ. ಸೋಫಾ ದಾಟಿ, ಗಾಜಿನ ಮೇಜು ದಾಟಿ, ಮೂರು ವರ್ಷದಲ್ಲಿ ಒಮ್ಮೆಯೂ ಕಾಲಿಡದಿದ್ದ ಮುಂಬಾಗಿಲ ಕಡೆ ನಡೆದಳು. ಭಾನುಪ್ರಕಾಶ ಅಡ್ಡ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಮೇಲಕ್ಕೆ ನಡಿ ಅಂದ್ನಲ್ಲ."

"ನಡಿಯಂಗಿಲ್ರಿ," ಅಂದಳು ಮಹಾನಂದಾ. "ಫೋನೂ ಕೊಡಂಗಿಲ್ಲ. ಮಂಗಳಾರ ಆಫೀಸರ್‌ಗಿ ಹೇಳೂದು ಆಮ್ಯಾಲ. ಮೊದಲ ಮಹಾದೇವಿಗಿ ಹೇಳಬೇಕು. ಬಾಗ್ಲಾ ಬಿಡ್ರಿ."